ಈ ಭಾನುವಾರದ ಓದು: ಮೂರನೆಯ ರಾಬಿನ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5 ಗಂಟೆಗೆ ಎಂದಿನಂತೆ ಅಪ್ಪನ ಕೆರೆಯ ದಂಡೆಯಲ್ಲಿ ಸೇರೋಣ. ಈ ಸಲ ಕಾಮಿಕ್ಸ್ ಕಥೆಗಳ ನಾಯಕ ಬ್ಯಾಟ್‌ಮ್ಯಾನ್‌ನ ಮೂರನೆಯ ಸಂಗಡಿಗ ಟಿಮ್ ಡ್ರೇಕ್. ಆ ಸಂಗಡಿಗನ ವೇಷದ ಹೆಸರೇ ರಾಬಿನ್.

ಹೊಸಬರಿಗಾಗಿ ಒಂದಿಷ್ಟು ಹಿನ್ನೆಲೆ. ಮೊದಲ ರಾಬಿನ್ ಡಿಕ್ ಗ್ರೇಸನ್ ಬಂದದ್ದು 1940ರಲ್ಲಿ. ಎರಡನೆಯವನಾದ ಜೇಸನ್ ಟಾಡ್ ಉಳಿಯಬೇಕೋ ಬೇಡವೋ ಎಂದು 1988ರಲ್ಲಿ ಓದುಗರೇ ದೂರವಾಣಿ ಮೂಲಕ ಮತ ಹಾಕಿದರು. ಸಾಯಲಿ ಎಂದು 5,343, ಬದುಕಲಿ ಎಂದು 5,271. ಬರೀ 72 ಮತಗಳ ಅಂತರ! ನೆನೆದಾಗಲೆಲ್ಲ ನನಗೆ ಕರುಳು ಚುರ್ ಎನ್ನುತ್ತದೆ.

ಆ ಸಾವಿನ ನೆರಳಿನಲ್ಲೇ 1989ರಲ್ಲಿ ಟಿಮ್ ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ಚಿಕ್ಕಂದಿನಲ್ಲಿ ಸರ್ಕಸ್‌ನಲ್ಲಿ ಗ್ರೇಸನ್ ಹೊಡೆದ ನಾಲ್ಕು ಸುತ್ತಿನ ಲಾಗವನ್ನು ಕಂಡಿದ್ದ. ಮುಂದೆ ಅದೇ ಲಾಗವನ್ನು ರಾಬಿನ್ ಟಿವಿಯಲ್ಲಿ ಹೊಡೆದಾಗ ರಾಬಿನ್ ಅಂದರೆ ಗ್ರೇಸನ್ನೇ ಎಂಬ ಗುಟ್ಟನ್ನು ಬಿಡಿಸಿಬಿಟ್ಟ. ಆದರೂ ವೇಷ ಸುಲಭಕ್ಕೆ ಸಿಗಲಿಲ್ಲ. ಖಳನಾಯಕ ಸ್ಕೇರ್‌ಕ್ರೋ ಕೈಗೆ ಬ್ಯಾಟ್‌ಮ್ಯಾನ್ ಸಿಕ್ಕಾಗ, ಮನೆಯಲ್ಲೇ ಇರು ಎಂಬ ಆಜ್ಞೆ ಮೀರಿ, ರಾಬಿನ್ ವೇಷವಿಲ್ಲದೆ ಮಾಮೂಲಿ ಮುಸುಕು ಹಾಕಿಕೊಂಡು ಹೋಗಿ ಬಿಡಿಸಿದ. ವೇಷ ಕೈಗೆ ಬಂದದ್ದು ಆಮೇಲೆ. ನನಗೆ ಇಷ್ಟವಾದ ಪುಟಗಳು ಅವೇ. ಆ ಭಾಗವನ್ನು ನಿಧಾನವಾಗಿ ಓದಿಕೊಂಡು ಬನ್ನಿ.

ಚರ್ಚೆಯಲ್ಲಿ ಹೈಸ್ಕೂಲು ಹುಡುಗರು ಮೊದಲು ಮಾತನಾಡಲಿ. ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಕಾಯಿರಿ. ಮಿರ್ಚಿ ಭಜಿ ಓದು ಮುಗಿದ ಮೇಲೆ. ಕಳೆದ ಸಲ ಎಣ್ಣೆ ಬೆರಳಿನ ಗುರುತು ಕೊನೆಯ ಪುಟದ ಮೇಲೆ ಉಳಿದುಹೋಗಿದೆ. ಬಿಸಿಲು ಜೋರಾಗಿದೆ, ನೀರಿನ ಬಾಟಲಿ ಮರೆಯಬೇಡಿ.