ಕರೆಂಟಿನ ಕೈಗಡ: ಲೆಕ್ಕ ಮೊದಲೇ ಹೇಳಿ ಮಾರಾಯ್ರೆ

ಸಂಪಾದಕರೇ,

ಐಸಿನ ಡಬ್ಬ ಮಗುಚಿದಾಗ ಗಡ್ಡೆಯ ನಡುವಲ್ಲಿ ನೀರು ಕುಲುಕಿದ್ರೆ ಆ ಲೋಡು ಹೋಯ್ತು ಅಂತಲೇ ಲೆಕ್ಕ, ಹತ್ತು ದಿನ ಕಡಲಲ್ಲಿ ಇರುವ ಬೋಟಿನವರು ಅದನ್ನು ಮುಟ್ಟುದಿಲ್ಲ. 2023ರ ಅಕ್ಟೋಬರಲ್ಲಿ ಮಲ್ಪೆಯ ನನ್ನ ಸಣ್ಣ ಐಸ್ ಪ್ಲಾಂಟಲ್ಲಿ ಎರಡು ವಾರ ಇದೇ ಕತೆ, ಕರೆಂಟು ದಿನಕ್ಕೆ ನಾಲ್ಕೈದು ಸಲ ಹೋಗಿ ಬರುದು, ಯಾವಾಗ ಹೋಗ್ತದೆ ಅಂತ ಹೇಳುವವರಿಲ್ಲ. ಕಾರಣ ಎಲ್ರಿಗೂ ಗೊತ್ತುಂಟು. ಮಳೆ ಕೈಕೊಟ್ಟಿತ್ತು, ಕರೆಂಟು ಮಾಡ್ಲಿಕ್ಕೆ ನೀರು ಕೊಡುವ ಲಿಂಗನಮಕ್ಕಿ ಡ್ಯಾಮು ತುಂಬಿರಲಿಲ್ಲ, 236 ತಾಲೂಕಲ್ಲಿ 223ನ್ನು ಬರಪೀಡಿತ ಅಂತ ಸರಕಾರವೇ ಘೋಷಿಸಿದ ವರ್ಷ, ಘಟ್ಟದ ಮೇಲೆ ಒಣಗುವ ಬೆಳೆ ಉಳಿಸ್ಲಿಕ್ಕೆ ಪಂಪ್‌ಸೆಟ್ಟುಗಳು ಒಂದೇ ಸಮನೆ ಓಡ್ತಾ ಇದ್ದವು.

ಆಗ ಕೈ ಹಿಡಿದದ್ದು ಪಂಜಾಬ್ ಮತ್ತು ಉತ್ತರ ಪ್ರದೇಶ. ದುಡ್ಡಿಗಲ್ಲ, ಕೈಗಡಕ್ಕೆ. ಈಗ ನೀವು ಕೊಡಿ, ಮುಂದಿನ ಮಳೆಗಾಲದಲ್ಲಿ ನಾವು ವಾಪಸ್ ಕೊಡ್ತೇವೆ ಅಂತ. ನಮ್ಮ ಅಜ್ಜಿ ಮಳೆಗಾಲದ ಆಟಿ ತಿಂಗಳಲ್ಲಿ ನೆರೆಮನೆಯಿಂದ ಸೇರಲ್ಲಿ ಅಳೆದು ಅಕ್ಕಿ ತಂದು, ಕೊಯ್ಲು ಆದ ಮೇಲೆ ಒಂದು ಮುಷ್ಟಿ ಜಾಸ್ತಿ ಹಾಕಿ ವಾಪಸ್ ಕೊಡ್ತಿದ್ರಲ್ಲ, ಅದೇ ಇದು. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಚಿತ್ರದುರ್ಗ, ಗದಗಿನ ಗಾಳಿಯಂತ್ರಗಳು ಜೋರಾಗಿ ತಿರುಗ್ತವೆ, ನಮ್ಮಲ್ಲಿ ಬೇಡಿಕೆ ಕಮ್ಮಿ, ಅದೇ ಹೊತ್ತಿಗೆ ಪಂಜಾಬಲ್ಲಿ ಭತ್ತದ ನಾಟಿ ಆಗಿ ಗದ್ದೆಗೆ ನೀರು ಎತ್ತುವ ಕಾಲ. ಅಲ್ಲಿಂದ ನಮಗೆ ಬರುದು ಹೆಚ್ಚಾಗಿ ಕಲ್ಲಿದ್ದಲಿನದ್ದೇ, ಸುಳ್ಳು ಹೇಳುದು ಬೇಡ, ಆದ್ರೆ ನಮ್ಮ ಗಾಳಿಯ ಕರೆಂಟು ಹಾಳಾಗದೆ ಅಲ್ಲಿಗೆ ಹೋಗ್ತದೆ, ಅಷ್ಟರ ಮಟ್ಟಿಗೆ ಅಲ್ಲಿ ಸುಡುದು ಕಮ್ಮಿ.

ಇದು ಸಾಧ್ಯ ಆದದ್ದು 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕೆವಿ ಲೈನು ಜೋಡಿಸಿ ದಕ್ಷಿಣದ ಗ್ರಿಡ್ಡನ್ನು, ಅಂದ್ರೆ ಕರೆಂಟು ಲೈನುಗಳ ಜಾಲವನ್ನು, ದೇಶದ ಗ್ರಿಡ್ಡಿಗೆ ಸೇರಿಸಿದ ಮೇಲೆ. ಅದಕ್ಕಿಂತ ಮೊದಲು ನಮ್ಮದು ಒಂಥರಾ ದ್ವೀಪ. ಕೆಲವರು ಕೇಳ್ತಾರೆ, ಅಷ್ಟು ದೂರ ಯಾಕೆ, ಪಕ್ಕದ ಕೇರಳ ಇಲ್ವಾ ಅಂತ. ಇಲ್ಲೇ ಇರುದು ವಿಷಯ. ಕೇರಳಕ್ಕೂ ನಮಗೂ ಒಂದೇ ಮಳೆ, ಸಂಜೆ ದೀಪ ಹಾಕುವ ಹೊತ್ತೂ ಒಂದೇ. ನಮ್ಮ ಮನೆಯಲ್ಲಿ ಅಕ್ಕಿ ಖಾಲಿ ಆದ ದಿನವೇ ನೆರೆಮನೆಯಲ್ಲೂ ಖಾಲಿ ಆದ್ರೆ ಕೇಳುದು ಯಾರತ್ರ? ಕೈಗಡ ನಡೆಯುದು ಹವಾಮಾನ ಬೇರೆ ಇರುವ ರಾಜ್ಯದ ಜೊತೆ.

ನನ್ನ ತಕರಾರು ಇಷ್ಟೇ, ಈ ವ್ಯವಹಾರ ನಮಗೆ ಗೊತ್ತಾಗುದು ಬೆಂಕಿ ಬಿದ್ದ ಮೇಲೆ. ಮನೆಮನೆಗೆ ಕರೆಂಟು ಹಂಚುವ ಎಸ್ಕಾಂ ಕಂಪೆನಿಗಳ ಪರವಾಗಿ ಕರೆಂಟು ಕೊಳ್ಳುವ ಸರಕಾರಿ ಕಂಪೆನಿ ಪಿಸಿಕೆಎಲ್‌ನವರು ಎರಡು ಮೂರು ವರ್ಷಕ್ಕೆ ಮೊದಲೇ ಒಪ್ಪಂದ ಮಾಡಿ, ಯಾವ ತಿಂಗಳು ಎಷ್ಟು ಕೊಡುದು ಎಷ್ಟು ತರುದು ಅಂತ ಜನರ ಎದುರು ಇಡ್ಲಿ. ಮಂಗಳೂರಲ್ಲಿ ಕರೆಂಟಿನ ರೇಟು ನಿಗದಿ ಮಾಡುವ ಆಯೋಗ ಕೆಇಆರ್‌ಸಿಯ ವಿಚಾರಣೆ ಆಗುವಾಗ ಯೂನಿಟ್ಟಿಗೆ ಎಷ್ಟು ಪೈಸೆ ಅಂತ ಗಲಾಟೆ ಮಾಡ್ತೇವೆ, ಸರಿ, ಈ ಕೈಗಡದ ಪಟ್ಟಿಯನ್ನೂ ಅಲ್ಲಿ ಓದಿ ಹೇಳ್ಲಿ.

ಮತ್ತೆ ನಮ್ಮನ್ನೂ ಲೆಕ್ಕಕ್ಕೆ ಹಿಡ್ಕೊಳ್ಳಿ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ರಜೆ, 61 ದಿನ ನಮ್ಮ ಕಂಪ್ರೆಸರುಗಳು ಹೆಚ್ಚುಕಮ್ಮಿ ಮಲಗಿರ್ತವೆ, ಅಂದ್ರೆ ಪಂಜಾಬಿಗೆ ವಾಪಸ್ ಕೊಡುವ ಹೊತ್ತಿಗೇ ಕರಾವಳಿಯ ಈ ಬೇಡಿಕೆ ಇಲ್ಲ. ಉಳಿದ ತಿಂಗಳಲ್ಲಿ ಪಾವಗಡದ 2,050 ಮೆಗಾವಾಟ್ ಸೋಲಾರ್ ಮಧ್ಯಾಹ್ನ ಜೋರಾಗಿದ್ದು ಕತ್ತಲೆ ಆಗುವಾಗ ಸೊನ್ನೆ ಆಗ್ತದೆ, ಆ ಹೊತ್ತಿಗೆ ನಾವು ನಿಲ್ಲಿಸ್ಲಿಕ್ಕೆ ರೆಡಿ. ಮಧ್ಯಾಹ್ನವೇ ಐಸಿನ ಡಬ್ಬ ಮುಳುಗಿಸಿಡುವ ಟ್ಯಾಂಕಿನ ಉಪ್ಪುನೀರನ್ನು ಚೆನ್ನಾಗಿ ತಣ್ಣಗೆ ಮಾಡಿ ಇಟ್ರೆ ಸಂಜೆ ಮೂರು ಗಂಟೆ ಮೋಟಾರು ಬಂದ್ ಮಾಡಿದ್ರೂ ಗಡ್ಡೆಗೆ ಏನೂ ಆಗುದಿಲ್ಲ, ನಾನೇ ಮಾಡಿ ನೋಡಿದ್ದೇನೆ. ಹೇಳದೆ ಹೋದ್ರೆ ಹಾಳು, ಹೇಳಿ ನಿಲ್ಲಿಸಿದ್ರೆ ಚಿಂತೆ ಇಲ್ಲ. ಬಿಸಿಲಿನ ಹೊತ್ತಿನ ರೇಟು ಮಾಮೂಲಿಗಿಂತ ಏನಿಲ್ಲಾಂದ್ರೂ 20 ಪರ್ಸೆಂಟ್ ಕಮ್ಮಿ ಇರ್ಬೇಕು ಅಂತ ಕೇಂದ್ರ 2023ರಲ್ಲೇ ನಿಯಮ ಮಾಡಿದೆ, ಅದು ನಮ್ಮಂಥ ಸಣ್ಣವರ ಬಿಲ್ಲಿನ ತನಕ ಇಳಿದು ಬರ್ಲಿ. ಮಧ್ಯಾಹ್ನದ ಕರೆಂಟು ಕೂಡಿಡ್ಲಿಕ್ಕೆ ಕೋಟಿಗಟ್ಲೆ ಕೊಟ್ಟು ಬ್ಯಾಟರಿ ತರುವ ಮಾತು ಆಡುವವರು ಒಂದು ದಿನ ಬಂದರಿಗೆ ಬಂದು ನಮ್ಮ ಟ್ಯಾಂಕು ನೋಡ್ಲಿ, ಚಾ ನಾನೇ ಕೊಡಿಸ್ತೇನೆ.

– ಐಸ್ ಪ್ಲಾಂಟಿನವ, ಮಲ್ಪೆ, ಉಡುಪಿ