ಮಾನ್ಯ ಶಾಸಕರೇ, ನಿಮ್ಮ ಪೋಸ್ಟುಗಳ ಕೆಳಗೆ ನಡೆಯುವುದನ್ನೂ ಓದಿ

ಬಾಗಲಕೋಟೆ ಜಿಲ್ಲೆಯ ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ಗೌರವಪೂರ್ವಕ ನಮಸ್ಕಾರಗಳು.

ಕಳೆದ ತಿಂಗಳು ನಿಮ್ಮ ಫೇಸ್‌ಬುಕ್ ಪುಟದಲ್ಲಿ ಬಸ್ ತಂಗುದಾಣದ ಭೂಮಿಪೂಜೆಯ ಚಿತ್ರಗಳನ್ನು ಹಾಕಿದ್ದಿರಿ. ಬಿ.ಎಸ್ಸಿ. ಓದುತ್ತಿರುವ ನನ್ನ ಮಗಳು ಅವುಗಳ ಕೆಳಗೆ, ಮುಂಜಾನೆ ಬಾಗಲಕೋಟೆಗೆ ಹೋಗುವ ಒಂದೇ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲಿ ತುಂಬಿರುತ್ತದೆ, ಇನ್ನೊಂದು ಬಸ್ಸು ಬಿಡಿಸಿಕೊಡಿ ಎಂದು ಬರೆದಳು. ಅರ್ಧ ತಾಸಿನೊಳಗೆ ನಿಮ್ಮ ಅಭಿಮಾನಿ ಬಳಗದ ಹುಡುಗರು ಅವಳ ಮೇಲೆ ಮುಗಿಬಿದ್ದರು. ‘ಪುಕ್ಕಟೆ ಅಡ್ಡಾಡಾಕ ಇನ್ನೊಂದ್ ಬಸ್ ಬೇಕೇನು?’ ಎಂಬುದು ಅವರಾಡಿದ್ದರಲ್ಲೆಲ್ಲ ಮೆತ್ತಗಿನ ಮಾತು. ಉಳಿದವನ್ನು ತಂದೆಯಾದ ನಾನು ಇಲ್ಲಿ ಬರೆಯಲಾರೆ. ಸಂಜೆಯ ಹೊತ್ತಿಗೆ ಅವಳ ಖಾತೆಯಲ್ಲಿದ್ದ ಫೋಟೊ ತೆಗೆದುಕೊಂಡು, ಎದುರು ಪಕ್ಷದವರು ದುಡ್ಡು ಕೊಟ್ಟು ಬರೆಸಿದ್ದಾರೆಂದು ಸೇರಿಸಿ, ಊರಿನ ವಾಟ್ಸಾಪ್ ಗುಂಪುಗಳಿಗೆ ಹರಿಬಿಟ್ಟಿದ್ದರು. ರಾತ್ರಿ ಊಟಕ್ಕೆ ಕುಳಿತಾಗ ಅವಳು ಮೊಬೈಲನ್ನು ಬೋರಲಾಗಿ ಇಟ್ಟಿದ್ದಳು. ಅದು ಸದ್ದು ಮಾಡಿದಾಗಲೆಲ್ಲ ರೊಟ್ಟಿ ಮುರಿಯುತ್ತಿದ್ದ ಕೈ ನಿಂತುಬಿಡುತ್ತಿತ್ತು. ಮರುದಿನ ಖಾತೆಯನ್ನೇ ಅಳಿಸಿದಳು.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹಳ್ಳಿಯ ಹೆಣ್ಣುಮಕ್ಕಳು ಟಿಕೆಟ್ ದುಡ್ಡಿನ ಚಿಂತೆಯಿಲ್ಲದೆ ಕಾಲೇಜಿಗೆ ಹೋಗುವಂತಾಗಿದೆ. ಆ ಕಾರಣಕ್ಕೆ ಅವರು ಬಸ್ಸು ಸಾಲದು ಎಂದು ಹೇಳಲೇಬಾರದೇ?

ಬಳಗದ ಪುಟಕ್ಕೂ ನಿಮಗೂ ಸಂಬಂಧವಿಲ್ಲ ಎಂದು ನಿಮ್ಮ ಆಪ್ತರು ನನಗೆ ಹೇಳಿದರು. ಅಭ್ಯರ್ಥಿಗಳು ತಮ್ಮ ಜಾಲತಾಣದ ಖಾತೆಗಳನ್ನು ಪ್ರಮಾಣಪತ್ರದಲ್ಲಿ ನಮೂದಿಸಬೇಕು, ಅಲ್ಲಿನ ಪ್ರಚಾರದ ಖರ್ಚನ್ನೂ ಅದನ್ನು ನೋಡಿಕೊಳ್ಳುವವರ ಸಂಬಳವನ್ನೂ ಚುನಾವಣಾ ವೆಚ್ಚದಲ್ಲಿ ತೋರಿಸಬೇಕು ಎಂದು ಚುನಾವಣಾ ಆಯೋಗ 2013ರಲ್ಲಿಯೇ ಸೂಚಿಸಿದೆ. ನಿಮ್ಮ ಬಳಗದ ಪುಟ ಆ ಲೆಕ್ಕದೊಳಗೆ ಇಲ್ಲದಿರಬಹುದು. ಆದರೆ ನೀವು ಊರಿಗೆ ಬಂದಾಗ ಕಾರಿನ ಮುಂದೆ ನಿಂತು ಲೈವ್ ಮಾಡುವವರು, ನೀವು ಹೆಗಲ ಮೇಲೆ ಕೈಹಾಕಿ ಮಾತನಾಡಿಸುವವರು ಇದೇ ಹುಡುಗರು. ಇವರಲ್ಲಿ ಇಬ್ಬರು ನನ್ನ ಕಣ್ಣೆದುರೇ ಬೆಳೆದವರು, ಡಿಗ್ರಿ ಮುಗಿಸಿ ಕೆಲಸಕ್ಕೆ ಅಲೆಯುತ್ತಿರುವವರು. ನಿಮ್ಮ ಕಣ್ಣಿಗೆ ಬೀಳಲು ಬೈಗುಳವೇ ಹತ್ತಿರದ ದಾರಿ ಎಂದು ಅವರು ತಿಳಿದಿದ್ದರೆ, ಹಾಗಲ್ಲವೆಂದು ಇದುವರೆಗೆ ಅವರಿಗೆ ಯಾರೂ ಹೇಳಿಲ್ಲ.

ಪೊಲೀಸರಿಗೆ ದೂರು ಕೊಡಿ ಎಂದು ಕೆಲವರು ಸಲಹೆ ಕೊಟ್ಟರು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಫೇಸ್‌ಬುಕ್ಕಿನ ಒಂದು ಪೋಸ್ಟಿಗಾಗಿ ಇಬ್ಬರು ಯುವತಿಯರನ್ನು ಬಂಧಿಸಿದ್ದು ನನಗೆ ನೆನಪಿದೆ. 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ಇಂಥ ಬಂಧನಗಳಿಗೆ ದಾರಿಯಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸಿದಾಗ, ಇನ್ನು ನಮ್ಮ ಮಕ್ಕಳು ಅಂಜದೆ ಬರೆಯಬಹುದೆಂದು ಸಂತೋಷಪಟ್ಟವನು ನಾನು. ಆ ಅಂಜಿಕೆ ಈಗ ಠಾಣೆಯಿಂದಲ್ಲ, ಪಕ್ಕದ ಓಣಿಯಿಂದ ಬರುತ್ತಿದೆ. ದೂರು ಕೊಟ್ಟರೆ ಇಬ್ಬರು ಹುಡುಗರು ಕೋರ್ಟಿಗೆ ಅಲೆದಾರು, ಬಳಗವಂತೂ ಹಾಗೆಯೇ ಉಳಿಯುತ್ತದೆ. ನೀವು ಒಂದು ಮಾತು ಹೇಳಿದರೆ ಈ ಬೈಗುಳ ನಿಲ್ಲುತ್ತದೆ.

ಆದ್ದರಿಂದ ನಿಮ್ಮ ಹೆಸರಿನ ಪುಟದಲ್ಲಿಯೇ, ನಿಮ್ಮದೇ ಧ್ವನಿಯಲ್ಲಿ, ಪ್ರಶ್ನೆ ಕೇಳಿದವರನ್ನು ಬೈಯುವವರು ನನ್ನವರಲ್ಲ ಎಂದು ಹೇಳಿ. ಆ ಫೋಟೊ ಹರಡಿದವರಿಂದ ಅದನ್ನು ಅಳಿಸಿಸಿ. ಗಲಾಟೆಗೆ ಹೆದರಿ ಕಮೆಂಟುಗಳನ್ನು ಮುಚ್ಚಿಬಿಡಬೇಡಿ. ನಮ್ಮಂಥವರಿಗೆ ನಿಮ್ಮ ಕಚೇರಿಗಿಂತ ಅದೇ ಹತ್ತಿರ.

ಮಗಳು ಬರೆದದ್ದು ಅಳಿಸಿಹೋಗಿರುವುದರಿಂದ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ: ಸರ್, ಮುಂಜಾನೆಯ ಬಸ್ಸು ತುಂಬಿ ಬರುತ್ತದೆ, ನಮ್ಮೂರಿನಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಬಸ್ಸು ಯಾವಾಗ ಬಿಡಿಸುತ್ತೀರಿ?

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ