ಏನು ಬಿಡುತ್ತೀರಿ ಅಲ್ಲ, ಯಾರಿಗೆ ಬಾಕಿ?

ಮಾನ್ಯ ಸಂಪಾದಕರೇ,

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹತ್ತಿರವಾದರೆ ಚರ್ಚಿನ ಅಂಗಳದಲ್ಲಿ ಕೇಳುವ ಮಾತು ಒಂದೇ: ಈ ಸಲ ಏನು ಬಿಡುತ್ತೀರಿ? ಒಬ್ಬರು ಮಾಂಸ, ಇನ್ನೊಬ್ಬರು ಸಿಗರೇಟು, ಮಕ್ಕಳು ಚಾಕೊಲೇಟು. ಬಿಡುವುದರಲ್ಲಿ ತಪ್ಪೇನಿಲ್ಲ. ಆದರೆ ತಪಸ್ಸುಕಾಲದ 40 ದಿನ (ಭಾನುವಾರ ಸೇರಿಸಿದರೆ 46) ಬಾಯಿ ಕಟ್ಟಿದವರು ಆ ದಿನಗಳಲ್ಲೇ ಕೆಲಸದಾಕೆಯ ಸಂಬಳ ಮುರಿದುಕೊಂಡಿದ್ದರೆ ಆ ಉಪವಾಸ ಹೊಟ್ಟೆಗಷ್ಟೇ ತಟ್ಟಿತು. ಯಾರಿಗೆ ಏನು ಬಾಕಿ ಉಳಿಸಿಕೊಂಡಿದ್ದೀರಿ ಎಂಬ ಪ್ರಶ್ನೆ ಮೊದಲು ಬರಲಿ.

ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಬರುವ ಸುಂಕದವರ ಮುಖಂಡ ಜಕ್ಕಾಯ ಯೇಸುವನ್ನು ನೋಡಲು ಮರ ಹತ್ತಿದ್ದು ಎಲ್ಲ ಮಕ್ಕಳಿಗೂ ಗೊತ್ತು. ಇಳಿದ ಮೇಲೆ ಅವನಾಡಿದ ಲೆಕ್ಕದ ಮಾತು ದೊಡ್ಡವರಿಗೂ ಮರೆತಿರುತ್ತದೆ. ಆಸ್ತಿಯಲ್ಲಿ ಅರ್ಧ ಬಡವರಿಗೆ; ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅದರ ನಾಲ್ಕರಷ್ಟು ವಾಪಸ್ಸು. ದಾನದ ಖಾತೆ ಬೇರೆ, ಬಾಕಿಯ ಖಾತೆ ಬೇರೆ. ತಪ್ಪನ್ನು ತಾನಾಗಿ ಒಪ್ಪಿಕೊಂಡವನಿಗೆ ಬೈಬಲಿನ ಯಾಜಕಕಾಂಡದ 6ನೇ ಅಧ್ಯಾಯ ವಿಧಿಸುವುದು ಅಸಲು, ಜೊತೆಗೆ ಅದರ ಐದನೇ ಒಂದು ಪಾಲು. ನಾಲ್ಕರಷ್ಟು ತೆರಬೇಕಾದವನು ಕುರಿ ಕದ್ದು ಕೊಯ್ದವನು ಅಥವಾ ಮಾರಿದವನು (ವಿಮೋಚನಕಾಂಡ 22:1). ಜಕ್ಕಾಯ ಕಳ್ಳನ ದಂಡವನ್ನೇ ತನ್ನ ತಲೆಗೆ ಹಾಕಿಕೊಂಡ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ.

ನಾವು ಅಷ್ಟು ದೂರ ಹೋಗುವುದು ಬೇಡ, ಐದನೇ ಒಂದು ಪಾಲಿನಿಂದಲೇ ಶುರುಮಾಡೋಣ. ಜ್ವರ ಬಂದು ಮೂರು ದಿನ ಬಾರದ ಕೆಲಸದಾಕೆಗೆ 500 ರೂಪಾಯಿ ಹಿಡಿದಿದ್ದೀರಿ ಎನ್ನಿ. ರಜೆಗೆ ಸಂಬಳ ಹಿಡಿಯುವುದಿಲ್ಲ ಎಂಬ ಮಾತಿನ ಮೇಲೆಯೇ ಆಕೆ ಕೆಲಸಕ್ಕೆ ಬಂದದ್ದು. ಹಾಗಿದ್ದರೆ ಕೊಡಬೇಕಾದದ್ದು 600. ಅದು ಆಕೆಯ ಕೈಗೇ ಹೋಗಬೇಕು, ಇದು ಆವತ್ತಿನ ಬಾಕಿ ಎಂದು ಬಾಯಿಬಿಟ್ಟು ಹೇಳಿ ಕೊಡಬೇಕು. ಕ್ರಿಸ್‌ಮಸ್‌ಗೆ ಸೀರೆ ಕೊಟ್ಟಿದ್ದೇವಲ್ಲ ಎಂದು ಸರಿದೂಗಿಸುವುದು ಮೋಸಕ್ಕೆ ಉಡುಗೊರೆಯ ಕಾಗದ ಸುತ್ತಿದ ಹಾಗೆ. ಅದೇ ಹಣವನ್ನು ಚರ್ಚಿನ ಕಾಣಿಕೆ ಡಬ್ಬಿಗೆ ಹಾಕಿದರೂ ಬಾಕಿ ತೀರುವುದಿಲ್ಲ. ಹಣದ ಒಡೆಯರು ತೀರಿಕೊಂಡಿದ್ದರೆ ವಾರಸುದಾರರಿಗೆ. ಎಷ್ಟು ಹುಡುಕಿದರೂ ಸಿಗದಿದ್ದರೆ ಮಾತ್ರ ಬಡವರಿಗೆ. ಎದುರು ನಿಂತು ಹೇಳಿದರೆ ಇನ್ನೊಬ್ಬರ ಸಂಸಾರ ಒಡೆಯುವಂತಿದ್ದರೆ ಹೆಸರು ಹೇಳದೆ ಚರ್ಚಿನ ಗುರುಗಳ ಮೂಲಕ ತಲುಪಿಸಬಹುದು.

ಪಾಪನಿವೇದನೆ ಮಾಡಿ ಕ್ಷಮೆ ಸಿಕ್ಕಿತಲ್ಲ ಎನ್ನುವವರಿದ್ದಾರೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 1459ನೇ ಕಂಡಿಕೆಯೇ ಇದಕ್ಕೆ ಉತ್ತರ: ಕ್ಷಮೆಯಿಂದ ಪಾಪ ಹೋಗುತ್ತದೆ, ಪಾಪ ಮಾಡಿದ ಹಾನಿ ಹೋಗುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು.

ಹಣಕ್ಕಿಂತ ಕಷ್ಟ ಈ ಹೆಸರಿನ ಬಾಕಿ. ನೂರು ಜನರಿರುವ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರ ಮೇಲೆ ಸುಳ್ಳು ಹಾಕಿ, ಆಮೇಲೆ ಅವರೊಬ್ಬರಿಗೇ ‘ಸಾರಿ’ ಕಳಿಸಿದರೆ ಉಳಿದ 98 ಜನ ಸುಳ್ಳನ್ನೇ ನಂಬಿಕೊಂಡಿರುತ್ತಾರೆ. ಸುಳ್ಳು ಯಾವ ಗುಂಪಿನಲ್ಲಿ ಹೋಯಿತೋ ಅದೇ ಗುಂಪಿನಲ್ಲಿ ‘ನಾನು ಹೇಳಿದ್ದು ಸುಳ್ಳು’ ಎಂಬ ಮೂರು ಪದ ಹೋಗಬೇಕು. ಬರೀ ಡಿಲೀಟ್ ಮಾಡುವುದು ತಿದ್ದುಪಡಿಯಲ್ಲ, ಸಾಕ್ಷ್ಯನಾಶ.

ಇನ್ನು ಸ್ವಭಾವ ತಿದ್ದುವ ವಿಚಾರ. ಇದಕ್ಕೆ ಯೇಸುಸಭೆಯ (ಜೆಸ್ವಿಟರ) ಸ್ಥಾಪಕ ಇಗ್ನೇಷಿಯಸ್ ಲೊಯೊಲಾ ಹೇಳಿಕೊಟ್ಟ, 1548ರಲ್ಲಿ ಅಚ್ಚಾದ ವಿಧಾನ ಈಗಲೂ ಚೆನ್ನಾಗಿ ನಡೆಯುತ್ತದೆ. ಒಂದೇ ಒಂದು ದೋಷ ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದಕೂಡಲೇ ಅದನ್ನು ನೆನೆಯಿರಿ, ಮಧ್ಯಾಹ್ನ ಊಟದ ನಂತರ ಮತ್ತು ರಾತ್ರಿ ಲೆಕ್ಕ ಹಾಕಿ. ನಿಮ್ಮದೇ ಒಂದು ಪುಸ್ತಕದಲ್ಲಿ ದಿನಕ್ಕೆ ಎರಡು ಗೆರೆ. ಎಷ್ಟು ಸಲ ಜಾರಿದಿರೋ ಅಷ್ಟು ಚುಕ್ಕೆ, ಬೆಳಗಿನದು ಮೇಲಿನ ಗೆರೆಗೆ, ಮಧ್ಯಾಹ್ನದ ಮೇಲಿನದು ಕೆಳಗಿನ ಗೆರೆಗೆ. ಗೆರೆಯನ್ನು ಗೆರೆಗೆ, ದಿನವನ್ನು ದಿನಕ್ಕೆ, ವಾರವನ್ನು ವಾರಕ್ಕೆ ಹೋಲಿಸಿ ನೋಡಿ.

ಹೆಚ್ಚಿನವರು ಮೊದಲ ವಾರದಲ್ಲೇ ಕೈಬಿಡುವುದಕ್ಕೆ ಕಾರಣ ‘ಒಳ್ಳೆಯವನಾಗುತ್ತೇನೆ’ ಎಂದು ಬರೆದುಕೊಳ್ಳುವುದು. ಅದಕ್ಕೆ ಚುಕ್ಕೆ ಇಡುವುದು ಹೇಗೆ? ‘ಮಗನ ಮೇಲೆ ರೇಗುವುದಿಲ್ಲ’ ಎಂದರೆ ಎಣಿಸಬಹುದು. ಶುರುವಿನಲ್ಲಿ ಚುಕ್ಕೆ ಜಾಸ್ತಿಯಾದರೆ ಗಾಬರಿ ಬೇಡ, ಮೊದಲು ಗಮನಿಸದೇ ಇದ್ದದ್ದು ಈಗ ಕಣ್ಣಿಗೆ ಬೀಳುತ್ತಿದೆ, ಅಷ್ಟೆ. ಚುಕ್ಕೆಯೇ ಇಲ್ಲದ ವಾರ ಬಂದರೆ ಮಾತ್ರ ಹೆಂಡತಿಯನ್ನೋ ಗಂಡನನ್ನೋ ಒಂದು ಮಾತು ಕೇಳಿ ನೋಡಿ. ಸಣ್ಣಪುಟ್ಟದಕ್ಕೂ ಪಾಪವೆಂದು ನರಳುವ ಸ್ವಭಾವದವರಿಗೆ ಮಾತ್ರ ಈ ಪುಸ್ತಕ ಬೇಡ. ಅವರು ಗುರುಗಳ ಸಲಹೆಯಂತೆ ನಡೆಯಲಿ.

ದೃಢೀಕರಣ ಸಂಸ್ಕಾರದ ತಯಾರಿಯಲ್ಲಿ ಮಕ್ಕಳು ಪವಿತ್ರಾತ್ಮರ ಏಳು ವರಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ಕೊನೆಯ ತರಗತಿಯ ಅರ್ಧ ಗಂಟೆ ಈ ಬಾಕಿಯ ಲೆಕ್ಕಕ್ಕೆ ಮೀಸಲಿಡಬೇಕೆಂದು ಧರ್ಮಕೇಂದ್ರಗಳ ಗುರುಗಳಲ್ಲಿ ವಿನಂತಿ. ಪ್ರತಿ ಮಗುವಿನ ಕೈಗೂ ಒಂದು ಖಾಲಿ ಹಾಳೆ ಕೊಡಿ: ಯಾರಿಗೆ, ಏನು, ಯಾವ ದಿನದೊಳಗೆ. ಬರೆದದ್ದನ್ನು ಯಾರೂ ಓದಬಾರದು, ಅಂಕ ಕೊಡಬಾರದು. ಹಾಳೆ ಮಡಚಿ ಮಗು ಜೇಬಿನಲ್ಲಿಟ್ಟುಕೊಂಡು ಹೋಗಲಿ.

– ಧರ್ಮೋಪದೇಶದ ಶಿಕ್ಷಕರು, ಮಂಗಳೂರು